ಕಾಕಾ ಕೊಟ್ಟ ಕಲ್ಲು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ತಂಬಾಕಿನ ಸುಣ್ಣ. ಡಬ್ಬಿಯಿಂದ ಕೆರೆದು, ಎಡ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಆ ಉಗುರಿನ ಒಂದು ಅಂಚು ಸವೆದು ಓರೆಯಾಗಿತ್ತು. ಮೀನಿನ ಟ್ಯಾಂಕಿಗೆ ಕೈ ಹಾಕುವ ಮೊದಲು ಎರಡೂ ಕೈಗಳನ್ನು ಮೊಣಕೈವರೆಗೆ ತೊಳೆಯುತ್ತಿದ್ದರು. ಸೋಪು ಮುಟ್ಟುತ್ತಿರಲಿಲ್ಲ, ಸೋಪು ಮೀನಿಗೆ ವಿಷ. ಬರಿಯ ನೀರಿನಲ್ಲಿ ಅಷ್ಟು ಹೊತ್ತು ತೊಳೆದರೂ ಉಗುರಿನ ಬಿಳುಪು ಹಾಗೆಯೇ ಉಳಿಯುತ್ತಿತ್ತು. ಗಾಜಿನ ಆಚೆ, ನೀಲಿ ಬೆಳಕಿನ ಉಪ್ಪುನೀರಿನಲ್ಲಿ, ಮೊದಲು ಕಾಣುತ್ತಿದ್ದದ್ದು ಆ ಉಗುರು.

ಕೊಲ್ಹಾಪುರದಲ್ಲಿ ಅವರದೊಂದು ಮೀನಿನ ಅಂಗಡಿ ಇತ್ತು. ಮುಂದಿನ ಸಾಲಿನಲ್ಲಿ ಎಲ್ಲ ಅಂಗಡಿಗಳಲ್ಲಿರುವ ಗೋಲ್ಡ್‌ಫಿಶ್, ಗಪ್ಪಿಗಳು. ಹಿಂದಿನ ಕೋಣೆಯಲ್ಲಿ ಸಮುದ್ರ. ಘಟ್ಟ ಇಳಿದರೆ ಮಾತ್ರ ಸಿಗುವ ಕಡಲನ್ನು ಅವರು ಪ್ಯಾಕೆಟ್ಟಿನ ಉಪ್ಪು, ಫಿಲ್ಟರ್ ನೀರು ಮತ್ತು ನಾಲ್ಕಾರು ಪಂಪುಗಳಿಂದ ಅಲ್ಲಿ ಕಟ್ಟಿದ್ದರು. ಊರು ಗಡಹಿಂಗ್ಲಜದ ಕಡೆಯ ಒಂದು ಹಳ್ಳಿ, ಮನೆಮಾತು ಕನ್ನಡ. ಎದುರಿಗಿದ್ದವರು ಮರಾಠಿಯಲ್ಲಿ ಶುರು ಮಾಡಿದರೆ ಮರಾಠಿ, ಕನ್ನಡದಲ್ಲಿ ಬೈದರೆ ಕನ್ನಡ. ನಾನು ಅವರನ್ನು ಕಾಕಾ ಎಂದೇ ಕರೆದೆ, ಕೊನೆಯವರೆಗೂ.

ನಾನು ಬೆಳಗಾವಿಯಿಂದ ಬರುವ ಒಂದು ಕನ್ನಡ ದಿನಪತ್ರಿಕೆಗೆ ಇಚಲಕರಂಜಿಯಿಂದ ವರದಿ ಮಾಡುತ್ತೇನೆ. ಒಂದು ಬೇಸಿಗೆಯಲ್ಲಿ ನದಿಯ ಮೀನು ಸತ್ತು ತೇಲಿದವು. ಕಾರಣ ವಿವರಿಸುವವರು ಬೇಕಾಗಿದ್ದರು. ಯಾರೋ ಇವರ ಅಂಗಡಿ ತೋರಿಸಿದರು. ನಾನು ಹೋದಾಗ ಒಬ್ಬ ಗಿರಾಕಿ ನಿಂತಿದ್ದ. ಡ್ರಾಯಿಂಗ್ ರೂಮಿನ ಸೋಫಾದ ಬಣ್ಣಕ್ಕೆ ಹೊಂದುವ ಮೀನು ಬೇಕು ಎನ್ನುತ್ತಿದ್ದ.

"ಸೋಫಾ ಯಾವ ಬಣ್ಣದ್ದೈತ್ರಿ?" ಎಂದು ಕಾಕಾ ಕೇಳಿದರು.

"ಮರೂನ್."

"ಹಂಗಿದ್ರ ನೀವು ಒಂದು ಕ್ಯಾಲೆಂಡರ್ ತಗೊಳ್ರಿ. ಅದಕ್ಕ ಕಾಳು ಹಾಕೂದು ಬ್ಯಾಡ, ಸಾಯೂದೂ ಇಲ್ಲ."

ಗಿರಾಕಿ ಹೋದ. ಕಾಕಾ ನನ್ನ ಕಡೆ ತಿರುಗಿ, ನೀರಿನಲ್ಲಿ ಗಾಳಿ ಹೇಗೆ ಮುಗಿಯುತ್ತದೆ, ಮೀನು ಮೇಲೆ ಬಂದು ಬಾಯಿ ತೆರೆಯುವುದು ಏಕೆ ಎಂದು ಒಂದು ಗಂಟೆ ಹೇಳಿದರು. ನಾನು ಬರೆದುಕೊಂಡದ್ದನ್ನು ಓದಿಸಿಕೊಂಡು ಎರಡು ಕಡೆ ತಿದ್ದಿದರು. "ನೀರು ಸುಳ್ಳು ಹೇಳೂದಿಲ್ಲ, ತಂಗಿ. ಒಂದು ಹನಿ ಔಷಧ ಹಾಕಿದ್ರ ಬಣ್ಣ ತೋರಸತೈತಿ. ನಿಮ್ಮ ಕೆಲಸದಾಗ ಹಂಗ ಆಗೂದಿಲ್ಲೇನು?" ಎಂದರು. ಆ ಮಾತು ನನಗೆ ಹಿಡಿಸಿತು. ನಮ್ಮ ಕೆಲಸದಲ್ಲಿ ಬಣ್ಣ ತೋರಿಸುವ ಹನಿ ಇಲ್ಲ. ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನೇ ನಂಬಬೇಕು, ಇನ್ನೊಬ್ಬರನ್ನು ಕೇಳಿ ತಾಳೆ ನೋಡಬೇಕು.

ಮುಂದಿನ ವರ್ಷ ನಮ್ಮ ಮನೆಗೂ ಒಂದು ಉಪ್ಪುನೀರಿನ ಟ್ಯಾಂಕು ಬಂತು. ಅದು ನನಗಿಂತ ಹೆಚ್ಚಾಗಿ ಅವ್ವನಿಗಾಗಿ ಬಂತು ಎನ್ನುವುದು ಸರಿ.

ಮನೆಯಲ್ಲಿ ನಾವಿಬ್ಬರೇ. ಅಪ್ಪ ಮಗ್ಗದ ರಿಪೇರಿಯವರು, ನಾನು ಶಾಲೆಯಲ್ಲಿದ್ದಾಗಲೇ ಹೋದರು. ಅವ್ವ ಪಕ್ಕದ ಕಬನೂರಿನಲ್ಲಿ ಬಟ್ಟೆ ಮೆಂಡಿಂಗ್ ಕೆಲಸ ಮಾಡಿ ನನ್ನನ್ನು ಓದಿಸಿದಳು. ಮಗ್ಗದಿಂದ ಬಂದ, ಇನ್ನೂ ಬಣ್ಣ ಕಾಣದ ಬಟ್ಟೆಯನ್ನು ಬೆಳಕಿನ ಮೇಜಿನ ಮೇಲೆ ಹಾಸಿ, ಗಂಟು, ಉಬ್ಬಿದ ಎಳೆ, ಸೇರಿಕೊಂಡ ಕಸ ಎಲ್ಲವನ್ನೂ ಸಣ್ಣ ಚಿಮಟದಿಂದ ಕೀಳುವ ಕೆಲಸ ಅದು. ಮೊಣಕಾಲು ಸೋತ ಮೇಲೆ ಬಿಟ್ಟಳು. ಟಿವಿ ಅವಳಿಗೆ ಸೇರುವುದಿಲ್ಲ, "ಅದರಾಗಿನ ಸೊಸಿಗೋಳೆಲ್ಲ ಮನ್ಯಾಗ ಬಂಗಾರ ಹಾಕ್ಕೊಂಡ ಅಡಗಿ ಮಾಡತಾವು" ಎನ್ನುತ್ತಾಳೆ. ಟ್ಯಾಂಕು ಬಂದ ಮೇಲೆ ಅವಳ ದಿನ ಅದರ ಮುಂದೆಯೇ ಕಳೆಯತೊಡಗಿತು. ಅಕ್ಕಿ ಆರಿಸುವುದು ಅಲ್ಲೇ, ಚಹಾ ಅಲ್ಲೇ. ಕೇಸರಿ ಮೈಯ ಮೇಲೆ ಬಿಳಿ ಪಟ್ಟೆಯ ಎರಡು ಮೀನುಗಳಿಗೆ ನವರಾ-ನವರಿ ಎಂದು ಹೆಸರಿಟ್ಟಳು, ಮರಾಠಿ ಮದುಮಗ-ಮದುಮಗಳು. ನಾನು ಆಫೀಸಿನಿಂದ ಬಂದ ಕೂಡಲೇ ನನಗೆ ಅವರ ಸಂಸಾರದ ವರದಿ ಸಿಗುತ್ತಿತ್ತು.

"ಇವತ್ತ ನವರಿ ಅಂವನ್ನ ಮೂಲಿಗೆ ಹಾಕಿ ಬಡದಾಳ ನೋಡು. ತಿನ್ನಾಕ ಮುಂದ ಬಂದಿದ್ದ."

ಕಾಕಾ ಅವ್ವನನ್ನು ಅಕ್ಕಾರ ಎನ್ನುತ್ತಿದ್ದರು, ಅವ್ವ ಅವರನ್ನು ಅಣ್ಣಾರ ಎನ್ನುತ್ತಿದ್ದಳು. ಅವ್ವ ಫೋನಿನಲ್ಲಿ ಮೀನಿನ ವಿಡಿಯೋ ಕಳಿಸಿದರೆ ಕಾಕಾ ಧ್ವನಿ ಸಂದೇಶ ಕಳಿಸುತ್ತಿದ್ದರು, ಹಿಂದೆ ಪಂಪುಗಳ ಸದ್ದು. ಟ್ಯಾಂಕಿನ ನಿಯಮಗಳೆಲ್ಲ ಅವರವೇ. ಅದರಲ್ಲಿ ದೊಡ್ಡದು ಸೂತಕದ ನಿಯಮ. ಹೊಸ ಕಲ್ಲು, ಹೊಸ ಹವಳ, ಹೊಸ ಮೀನು, ಯಾವುದೇ ಬರಲಿ, ಬೇರೆ ಬಕೆಟ್ಟಿನಲ್ಲಿ ತಿಂಗಳು ಇಡಬೇಕು. ಯಾರ ಮೈಯಲ್ಲಿ ಏನು ಬಂದಿದೆಯೋ ಗೊತ್ತಿಲ್ಲ. "ಸೂತಕ ಹಿಡೀಬೇಕ್ರಿ. ಮುಗದ ಮ್ಯಾಲ ಒಳಗ ಕರ್ಕೋಬೇಕು. ಅವಸರ ಮಾಡಿದ್ರ ಇಡೀ ಮನೀಗೆ ಕೇಡು." ಅವ್ವ ಈ ನಿಯಮವನ್ನು ಬಹಳ ಮೆಚ್ಚಿದ್ದಳು.

ಒಂದು ದಸರೆಯ ಮರುವಾರ ಕಾಕಾ ತಾವೇ ಬಸ್ಸಿನಲ್ಲಿ ಬಂದರು, ಮಡಿಲಲ್ಲಿ ಮುಚ್ಚಳ ಹಾಕಿದ ಬಕೆಟ್ಟು. ಒಳಗೆ ಒಂದು ಕಲ್ಲು. ಕಲ್ಲು ಎಂದರೆ ಬರೀ ಕಲ್ಲಲ್ಲ, ಸಮುದ್ರದ ತಳದ ಬದುಕು ಅಂಟಿಕೊಂಡ ತೂತುತೂತಿನ ಹಳೆಯ ಹವಳದ ಗಟ್ಟಿ. ಮೇಲೆ ನೇರಳೆ ಲೇಪ, ಒಂದು ಕಡೆ ಹಸಿರು ಗುಂಡಿಗಳಂತೆ ಅರಳಿದ ಹವಳ. ಅವರ ಮನೆಯ ಟ್ಯಾಂಕಿನದು. ಆ ಟ್ಯಾಂಕನ್ನು ನಾನು ಮೊದಲ ವರ್ಷ ಒಮ್ಮೆ ನೋಡಿದ್ದೆ, ಗೋಡೆಯ ಉದ್ದಕ್ಕೂ ಇತ್ತು, ಅಂಥದ್ದನ್ನು ಮತ್ತೆಲ್ಲೂ ಕಂಡಿಲ್ಲ. ಬೆನ್ನು ನೋವಿಗೆ ಅದನ್ನು ಬಿಚ್ಚುತ್ತಿದ್ದೇನೆ, ಕಲ್ಲುಗಳನ್ನು ಬೇಕಾದವರಿಗೆ ಕೊಡುತ್ತಿದ್ದೇನೆ ಎಂದರು.

ನಾನು ಬಕೆಟ್ಟು ತರಲು ಎದ್ದೆ.

"ಇದಕ್ಕ ಸೂತಕ ಬ್ಯಾಡ" ಎಂದರು ಕಾಕಾ. "ನನ್ನ ಮನೀ ಮಗಳು ನಿಮ್ಮ ಮನೀಗೆ ಬಂದಾಳ ಅಂತ ತಿಳ್ಕೊಳ್ರಿ. ಸೀದಾ ಒಳಗ ಕರ್ಕೊಳ್ರಿ."

ಅವ್ವ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಲು ಹೊರಟಳು. ಕಾಕಾ ಕೈ ಮುಗಿದು ತಡೆದರು. "ಅಕ್ಕಾರ, ಮನಸ್ಸಿನ್ಯಾಗ ಹಚ್ಚರಿ. ನೀರಿಗೆ ಬ್ಯಾಡ."

ಸಂಕ್ರಾಂತಿಯ ಹೊತ್ತಿಗೆ ಆ ಕಲ್ಲಿನ ಕೆಳಗೆ, ನೆರಳಿನಲ್ಲಿ, ಒಂದು ಸಣ್ಣ ಕಂದು ಗಿಡ ಕಂಡಿತು. ಗಾಜಿನಂತೆ ಪಾರದರ್ಶಕ ಕಾಂಡ, ತುದಿಯಲ್ಲಿ ಬೆರಳುಗಳ ಗುಚ್ಛ. ಅವ್ವ ತೆಂಗಿನ ಸಸಿ ಎಂದಳು. ನಾಲ್ಕು ದಿನದಲ್ಲಿ ಪಕ್ಕದಲ್ಲಿ ಇನ್ನೊಂದು. ಅದರ ಬೆರಳು ತಾಕಿದ ಕಡೆ ಹಸಿರು ಹವಳ ಮುಚ್ಚಿಕೊಂಡಿತು, ಮತ್ತೆ ಅರಳಲಿಲ್ಲ. ಫೋಟೋ ಕಳಿಸಿದೆ. ಕಾಕಾ ಫೋನು ಮಾಡಿದರು. ಅದು ಗಿಡವಲ್ಲ, ಕುಟುಕುವ ಪ್ರಾಣಿ, ಕಡಲಹೂವಿನ ಜಾತಿಯಲ್ಲಿ ಕಳೆ. ಅದರ ನಿಜವಾದ ಹೆಸರು ಉದ್ದದ್ದು. ಕಾಕಾ ಅದನ್ನು ಗಾಜರ ಗವತ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಬಯಲು, ಗಟಾರದ ದಂಡೆ ಎಲ್ಲ ತುಂಬಿರುವ, ಹೊರಗಿನಿಂದ ಬಂದ ಗೋಧಿಯೊಂದಿಗೆ ಬಂತು ಎಂದು ಹಿರಿಯರು ಹೇಳುವ ಕಾಂಗ್ರೆಸ್ ಕಳೆಗೆ ಮರಾಠಿಯವರ ಹೆಸರು ಅದು. ಭಾನುವಾರ ಬಂದು ನೋಡುತ್ತೇನೆ ಎಂದರು. ಊಟಕ್ಕೆ ಕುಳಿತಾಗ ಅವ್ವನಿಗೆ ಇಷ್ಟು ಹೇಳಿದೆ, ಅದು ಸಸಿಯಲ್ಲ, ಕಳೆ, ತೆಗೆಯಬೇಕು.

ಮರುದಿನ ನಾನು ನಗರಸಭೆಯ ಸುದ್ದಿಗೆ ಹೋಗಿದ್ದೆ. ಅವ್ವ ತನ್ನ ಹಳೆಯ ಚಿಮಟ ಹುಡುಕಿ ತೆಗೆದಳು. ಬಟ್ಟೆಯಲ್ಲಿ ಗಂಟು ಕಂಡರೆ ಅದನ್ನು ಬಿಟ್ಟು ಮುಂದೆ ಹೋಗುವುದು ಆ ಕೈಗೆ ಗೊತ್ತಿಲ್ಲ. ತೋಳೇರಿಸಿ, ಚಿಮಟವನ್ನು ನೀರಿಗಿಳಿಸಿ, ಎರಡೂ ಕಳೆಗಳನ್ನು ಬುಡಕ್ಕೆ ಹಿಡಿದು ಹಿಸುಕಿ ಕಿತ್ತಳು. ಹರಿದ ಚೂರುಗಳು ನೀರಿನಲ್ಲಿ ತೇಲಿ ಹೋದವು. ನಾನು ಬಂದಾಗ, "ತಗದೆ ನೋಡು, ಕಲೆ ಸುದ್ದಾ ಇಲ್ಲ" ಎಂದು ತೋರಿಸಿದಳು. ನಿಜ, ಕಲೆಯೂ ಇರಲಿಲ್ಲ. ಕಾಕಾಗೆ ಫೋನು ಮಾಡಿ ಬರುವುದು ಬೇಡ ಎಂದೆ.

ತಿಂಗಳೊಪ್ಪತ್ತಿನಲ್ಲಿ ಟ್ಯಾಂಕಿನ ತುಂಬ ಅವೇ. ಕಲ್ಲಿನ ಸಂದಿಯಲ್ಲಿ, ಪಂಪಿನ ಬಾಯಿಯಲ್ಲಿ, ಗಾಜಿನ ಮೂಲೆಯಲ್ಲಿ. ಈ ಬಾರಿ ಕಾಕಾ ಬಂದರು. ಕೈ ತೊಳೆದರು, ಕನ್ನಡಕ ಹಾಕಿದರು, ಬಹಳ ಹೊತ್ತು ಗಾಜಿಗೆ ಮುಖವಿಟ್ಟು ನೋಡಿದರು.

"ಯಾರು ಕೈ ಹಾಕಿದ್ರಿ ಇದರಾಗ?"

"ನಾನರಿ ಅಣ್ಣಾರ" ಎಂದಳು ಅವ್ವ. "ಚಿಮಟಾ ಹಾಕಿ ಕಿತ್ತೆ."

"ಅಕ್ಕಾರ, ಇದನ್ನ ಹರದ್ರ ಒಂದಕ್ಕ ಹತ್ತಾಗತೈತ್ರಿ. ಚೂರು ಬಿದ್ದಲ್ಲಿ ಹುಟ್ಟತೈತಿ. ನಿಮ್ಮ ಕೈಯಾಗ ಇದು ಹಬ್ಬೇತಿ ನೋಡ್ರಿ."

ಅವ್ವ ತನ್ನ ಕೈ ನೋಡಿಕೊಂಡಳು. ನಾನು ಕೇಳಿದೆ, ಹಬ್ಬಿದ್ದು ಸರಿ, ಮೊದಲ ಎರಡು ಎಲ್ಲಿಂದ ಬಂದವು? ಮೀನು ತಂದ ಚೀಲದ ನೀರಿನಲ್ಲಿ ಬಂದಿರಬೇಕು ಎಂದರು. ನಾವು ಚೀಲದ ನೀರನ್ನು ಯಾವತ್ತೂ ಟ್ಯಾಂಕಿಗೆ ಸುರಿದಿರಲಿಲ್ಲ, ಅದೂ ಅವರದೇ ನಿಯಮ. ಹಾಗಾಗಿ ನೇರವಾಗಿ ಕೇಳಿದೆ.

"ಕಾಕಾ, ನಿಮ್ಮ ಕಲ್ಲಿನ್ಯಾಗ ಇತ್ತೇನ್ರಿ?"

"ಇಲ್ಲ" ಎಂದರು. ಒಂದೇ ಮಾತು, ತಡವರಿಸದೆ.

ನಾನು ಅದನ್ನು ಉತ್ತರ ಎಂದು ತೆಗೆದುಕೊಂಡೆ. ತಾಳೆ ನೋಡಲು ಇನ್ನೊಬ್ಬರಿರಲಿಲ್ಲ. ಅವ್ವನಿಗೆ ನಾನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದನ್ನೂ ಅವಳು ಓದಿಕೊಂಡಳು. ಮರುದಿನದಿಂದ ಅಕ್ಕಿ ಆರಿಸುವುದು ಅಡುಗೆಮನೆಗೆ ಹೋಯಿತು. ಚಹಾ ಕೂಡ. ಪಡಸಾಲೆಗೆ ಬಂದರೆ ಟ್ಯಾಂಕಿನ ಕಡೆ ನೋಡದೆ ಗೋಡೆಗುಂಟ ನಡೆದು ಹೋಗುವಳು. ನವರಾ-ನವರಿಯ ಸುದ್ದಿ ನಿಂತಿತು. ನಾನಾಗಿ ಕೇಳಿದರೆ, "ನನಗೇನ ಗೊತ್ತ, ಅವು ನಿನ್ನ ಮೀನ" ಎನ್ನುವಳು. ಮಗ್ಗದ ಊರಿನಲ್ಲಿ ತಪ್ಪಿಲ್ಲದ ಕೈ ಎಂದು ಹೆಸರಾದವಳು ಅವ್ವ. ಅವಳು ಚೊಕ್ಕ ಮಾಡಿದ ಬಟ್ಟೆಯನ್ನು ವ್ಯಾಪಾರಿಗಳು ಬಿಚ್ಚಿ ನೋಡದೆ ಒಯ್ಯುತ್ತಿದ್ದರಂತೆ.

ಕಳೆ ತೆಗೆಯುವ ಕೆಲಸ ಶುರುವಾಯಿತು. ಕಾಕಾ ಭಾನುವಾರಗಳಂದು ಕೊಲ್ಹಾಪುರದಿಂದ ಬರುತ್ತಿದ್ದರು. ಆಯುಧ ಎರಡೇ, ಇಂಜೆಕ್ಷನ್ನಿನ ಸಿರಿಂಜು ಮತ್ತು ಸುಣ್ಣ. ಶುದ್ಧ ಸುಣ್ಣದ ಪುಡಿಯನ್ನು ಬಿಸಿನೀರಿನಲ್ಲಿ ಗಟ್ಟಿ ಮೊಸರಿನ ಹದಕ್ಕೆ ಕಲಸುವರು. "ನನ್ನ ಬಾಯಿ ಸುಡೂದು ಅದರ ಬಾಯೀನೂ ಸುಡತೈತಿ" ಎಂದು ನಗುವರು. ಮೊದಲು ಪಂಪುಗಳನ್ನು ನಿಲ್ಲಿಸಬೇಕು, ನೀರು ಅಲುಗಬಾರದು. ಸೂಜಿಯನ್ನು ಮೇಲಿನಿಂದ ತಂದರೆ ನೆರಳು ಬಿದ್ದು ಕಳೆ ಸಂದಿಗೆ ಸೇರಿಕೊಳ್ಳುತ್ತದೆ. ಪಕ್ಕದಿಂದ, ಕಳ್ಳನಂತೆ, ನಿಧಾನ ಬರಬೇಕು. ಚುಚ್ಚಬಾರದು, ಬಾಯಿಯ ಹತ್ತಿರ ಹಿಡಿದು ಸುಣ್ಣವನ್ನು ತುತ್ತಿನಂತೆ ಬಿಡಬೇಕು. ಅದು ಊಟ ಎಂದುಕೊಂಡು ನುಂಗುತ್ತದೆ. ನುಂಗಿದ ಮೇಲೆ ಇನ್ನೊಂದಿಷ್ಟು ಸುಣ್ಣವನ್ನು ಮೇಲೆ ಮುಚ್ಚಿ, ಅದು ಕರಗುವವರೆಗೆ ಕಾದು, ಕೊಳವೆಯಿಂದ ಎಳೆದು ತೆಗೆಯಬೇಕು. ಒಂದೇ ದಿನ ಬಹಳ ಸುಣ್ಣ ಹಾಕಿದರೆ ನೀರೇ ಸುಡುತ್ತದೆ, ಮೀನು ಸಾಯುತ್ತವೆ. ಆದ್ದರಿಂದ ಪ್ರತಿ ವಾರ ಕೆಲವನ್ನು ಮಾತ್ರ.

"ಕೊಲ್ಲೂ ಕೆಲಸಕ್ಕ ಪ್ರೀತಿ ಮಾಡೂದಕ್ಕಿಂತ ಹೆಚ್ಚ ತಾಳ್ಮಿ ಬೇಕು" ಎನ್ನುವರು.

ಈ ಕಳೆಯನ್ನು ತಿನ್ನುತ್ತವೆ ಎಂದು ಮುಂಬೈಯಿಂದ ಕೆಂಪು ಗೆರೆಯ ಸಿಗಡಿ ತರಿಸಿದರು. ಅವು ಮೀನಿಗೆ ಹಾಕಿದ ಕಾಳು ತಿಂದು, ಕಲ್ಲಿನ ಕೆಳಗೆ ಮಲಗಿ, ದಪ್ಪಗಾದವು. ಕಾಕಾ ಗಾಜು ತಟ್ಟಿ ಬೈದರು. "ಪುಕಟ ಊಟ ಹತ್ತೇತಲ್ಲ, ಇನ್ನ ದುಡೀತಾವೇನು? ಥೇಟ್ ನನ್ನ ಅಳಿಯಾ."

ಎಲ್ಲಕ್ಕಿಂತ ಹೆಚ್ಚು ಕಳೆ ಇದ್ದದ್ದು ಅವರು ಕೊಟ್ಟ ಕಲ್ಲಿನಲ್ಲೇ. ಅದನ್ನು ಹೊರಗೆ ತೆಗೆದು ಬಿಸಿಲಿಗೆ ಒಣಗಿಸಿದರೆ ಅರ್ಧ ಕೆಲಸ ಮುಗಿಯುತ್ತದೆ ಎಂದು ನಾನು ಹಲವು ಸಾರಿ ಹೇಳಿದೆ. ಅವರು ಬಿಡಲಿಲ್ಲ. ಒಣಗಿಸಿದರೆ ಕಲ್ಲಿನ ಮೇಲಿನ ಬದುಕೆಲ್ಲ ಸಾಯುತ್ತದೆ, ಬರೀ ಸುಣ್ಣದ ಗಟ್ಟಿ ಉಳಿಯುತ್ತದೆ ಎಂದರು. ಆ ಕಲ್ಲಿನ ಮುಂದೆ ಅವರು ಗಂಟೆಗಟ್ಟಲೆ ಬಗ್ಗಿ ನಿಲ್ಲುತ್ತಿದ್ದರು, ಬೆನ್ನು ನೋವಿನ ಮನುಷ್ಯ. ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಅವ್ವನ ಹತ್ತಿರ ಚಹಾ ಕುಡಿಯುತ್ತ ಮಾತಾಡುವರು. ಬಿಟ್ಟುಕೊಟ್ಟ ರಜೆ, ಬಸ್ಸಿನ ನೂಕು, ಇದನ್ನೆಲ್ಲ ನಾನು ವಾತ್ಸಲ್ಯ ಎಂದು ಬರೆದುಕೊಂಡಿದ್ದೆ, ಮನಸ್ಸಿನಲ್ಲಿ. ಅಪ್ಪ ಇದ್ದಿದ್ದರೆ ಹೀಗೆ ಬರುತ್ತಿದ್ದರೇನೋ ಎಂದು ಒಂದೆರಡು ಸಾರಿ ಅನಿಸಿತ್ತು.

ಮೆಣಸಿನಕಾಯಿ ಸುಗ್ಗಿಗೆ ಗಡಹಿಂಗ್ಲಜದ ಮಾರುಕಟ್ಟೆಯ ವರದಿಗೆ ಹೋಗಿದ್ದೆ. ಮೆಣಸಿನ ಘಾಟಿಗೆ ಸೀನಿ ಸೀನಿ ಹಲ್ಲಿನ ಹಳೆಯ ನೋವು ಎದ್ದಿತು. ಮಾರುಕಟ್ಟೆಯ ಹತ್ತಿರವೇ ಒಬ್ಬ ದಂತವೈದ್ಯರ ಬಾಗಿಲು. ಕಾಯುವ ಕೋಣೆಯಲ್ಲಿ ಉಪ್ಪುನೀರಿನ ಟ್ಯಾಂಕು. ಅದರ ತುಂಬ ಕಂದು ಬೆರಳುಗಳು.

ಹಲ್ಲು ನೋಡಿದ ಮೇಲೆ ಕೇಳಿದೆ. ಡಾಕ್ಟರರು ಮುಖದ ಮಾಸ್ಕ್ ಇಳಿಸಿ ನಕ್ಕರು.

"ಅದಾ? ಕೊಲ್ಹಾಪುರದ ಕಾಕಾ ಕೊಟ್ಟ ಕಲ್ಲಿನ ಪ್ರಸಾದರಿ ಅದು. ನಿಮಗೂ ಕೊಟ್ಟಾರೇನು?"

"ಕಲ್ಲಿನ್ಯಾಗ ಬಂತು ಅಂತ ನಿಮಗ ಹೆಂಗ ಗೊತ್ತಾತ್ರಿ, ಡಾಕ್ಟರ್ರ?"

"ಅಯ್ಯ, ನಾ ಕಣ್ಣಾರೆ ನೋಡೇನಲ್ಲ. ಗಣಪತಿಗೆ ಅವರ ಮನೀಗೆ ಹೋಗಿದ್ದೆ. ಇಡೀ ಟ್ಯಾಂಕ್ ತುಂಬ ಇದ ಇತ್ತು, ಹಸರ ಹವಳ ನಾಕು ಬಿಟ್ರ ಒಂದೂ ಉಳಿದಿದ್ದಿಲ್ಲ. ಬಾಗಲಾ ಹಾಕಿ ಇಟ್ಟಿದ್ರು, ಯಾರಿಗೂ ತೋರಸ್ತಿದ್ದಿಲ್ಲ. ನಾ ತಪ್ಪಿ ಒಳಗ ಹೋದೆ. ದಸರಾ ಆದ ಮ್ಯಾಲ ಕಲ್ಲು ಹಂಚಿದ್ರು. ನಂಗೊತ್ತಿದ್ದ ತಗೊಂಡೇನಿ, ಹಸರ ಹವಳದ ಆಸೆಕ್ಕ. ಭಾಳ ವರ್ಷದ ಕಲ್ಲು, ಬಿಸಲಿಗೆ ಹಾಕಿ ಕೊಲ್ಲಾಕ ಅವರಿಗೆ ಮನಸ್ಸಾಗಲಿಲ್ಲ."

"ನಿಮಗ ಅವರ ಹೇಳಿದ್ರೇನು, ಕಳೆ ಐತಿ ಅಂತ?"

"ಇಲ್ರಿ. ನಾನೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ರು."

ನಾನು ಕೇಳಿದ್ದೆ.

ಗಡಹಿಂಗ್ಲಜದಿಂದ ಸೀದಾ ಕೊಲ್ಹಾಪುರದ ಬಸ್ಸು ಹಿಡಿದೆ. ಯಾರ ಮೇಲಾದರೂ ಆರೋಪ ಬಂದರೆ ಅವರ ಮಾತು ಕೇಳದೆ ಬರೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಮನಸ್ಸಿನಲ್ಲಿ ಬರೆದುಕೊಳ್ಳುವುದಕ್ಕೂ ಅದು ಅನ್ವಯಿಸಬೇಕು. ಅಂಗಡಿಯಲ್ಲಿ ಅವರೊಬ್ಬರೇ ಇದ್ದರು, ತಂಬಾಕು ತಿಕ್ಕುತ್ತಿದ್ದರು.

"ಕಾಕಾ, ನಿಮ್ಮ ಮನೀ ಟ್ಯಾಂಕ್ ಯಾಕ ಬಿಚ್ಚಿದ್ರಿ?"

"ಹೇಳಿದ್ನಲ್ಲ ತಂಗಿ. ಬೆನ್ನು."

"ಬ್ಯಾರೆ ಏನೂ ಕಾರಣ ಇಲ್ಲ?"

"ಇಲ್ಲ."

"ನಾ ಈಗ ಗಡಹಿಂಗ್ಲಜದಿಂದ ಬಂದೆ. ಹಲ್ಲಿನ ಡಾಕ್ಟರ್ ಕಡೆ ಹೋಗಿದ್ದೆ."

ತಿಕ್ಕುವ ಹೆಬ್ಬೆರಳು ನಿಂತಿತು. ಅವರು ಅಂಗೈಯ ತಂಬಾಕನ್ನು ಹಾಗೇ ಕಸದ ಡಬ್ಬಿಗೆ ಕೊಡವಿದರು. ಹಿಂದಿನ ಕೋಣೆಯ ಪಂಪುಗಳ ಸದ್ದು ಕೇಳುತ್ತಿತ್ತು.

"ಇಪ್ಪತ್ತು ವರ್ಷ ಸಾಕಿದ ಕಲ್ಲು ಅವು" ಎಂದರು. "ನಂದು ಕೈ ಸೋತಿತ್ತು. ಒಡೆದು ಒಂದೊಂದು ಒಬ್ಬೊಬ್ಬರ ಮನ್ಯಾಗ ಇದ್ರ, ಚೊಲೋ ನೋಡ್ಕೊಂಡ್ರ, ಉಳೀತಾವು ಅಂತ ಅಂದ್ಕೊಂಡೆ."

"ನಮ್ಮ ಅವ್ವನ ಮ್ಯಾಲ ಯಾಕ ಹಾಕಿದ್ರಿ?"

ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು. "ಅಕ್ಕಾರು ಹರದದ್ದು ಸುಳ್ಳಲ್ಲಲ್ಲ, ತಂಗಿ."

ಸುಳ್ಳಲ್ಲ. ಅವ್ವನ ಬಗ್ಗೆ ಅವರು ಹೇಳಿದ ಪ್ರತಿ ಪದವನ್ನೂ ಪ್ರಮಾಣ ಮಾಡಿ ಅಚ್ಚಿಗೆ ಹಾಕಬಹುದಿತ್ತು. ಅವ್ವನ ಕೈ ಅದನ್ನು ಹಬ್ಬಿಸಿದ್ದು ನಿಜ, ತಂದಿಟ್ಟವರು ಯಾರು ಎಂಬುದನ್ನು ಬಿಟ್ಟು. ಇಂಥ ವಾಕ್ಯಗಳನ್ನು ನಾನು ವರ್ಷಗಟ್ಟಲೆ ಅಧಿಕಾರಿಗಳ ಬಾಯಿಂದ ಕೇಳಿದ್ದೇನೆ, ಬಿಟ್ಟದ್ದೇನು ಎಂದು ಹುಡುಕುವುದೇ ನನ್ನ ಕೆಲಸ. ಈ ಒಬ್ಬರ ಬಳಿ ಹುಡುಕಬೇಕಾಗುತ್ತದೆ ಎಂದು ಅನಿಸಿರಲಿಲ್ಲ. ಇನ್ನು ಮನೆಗೆ ಬರಬೇಡಿ ಎಂದು ಹೇಳಿ ಹೊರಬಂದೆ. ಅವರು ತಡೆಯಲಿಲ್ಲ.

ಮನೆ ಮುಟ್ಟಿದಾಗ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಅವ್ವಾ, ಅದು ನಿನ್ನಿಂದ ಬಂದದ್ದಲ್ಲ. ಕಲ್ಲಿನ್ಯಾಗ ಇತ್ತು. ಅವರಿಗೆ ಗೊತ್ತಿತ್ತು.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು.

"ನನಗೂ ಗೊತ್ತೈತಿ" ಎಂದಳು.

"ಏನು?"

"ಅಣ್ಣಾರು ಹೇಳ್ಯಾರ. ಸುಣ್ಣ ಹಾಕಾಕ ಬಂದ್ರಲ್ಲ, ಎರಡನೇ ಐತವಾರ. ಇಲ್ಲೇ ನಿಂತು ಅತ್ತರು. ನನ್ನ ಕಾಲ ಮುಟ್ಟಾಕ ಬಂದ್ರು, ನಾ ಹಿಂದಕ್ಕ ಸರದೆ. ನಿನಗ ಹೇಳತೇನಿ ಅಂತ ಹೊರಗ ಹೊಂಟಿದ್ರು. ನಾನ ಬ್ಯಾಡ ಅಂದೆ. ಆಣಿ ಹಾಕಿಸ್ಕೊಂಡೆ."

ಯಾಕೆ ಎಂದು ಕೇಳಿದೆ.

"ಯಾಕಂದ್ರ?" ಅವ್ವ ರೊಟ್ಟಿ ಮಗುಚಿದಳು. "ನಿನಗ ಅಪ್ಪಿಲ್ಲ. ಆ ಮನಷಾನ ಅಂಗಡಿಗೆ ಹೋಗಿ ಬಂದ ದಿನ ನೀ ಒಂದ ರೊಟ್ಟಿ ಹೆಚ್ಚ ತಿಂತಿದ್ದಿ. ನನ್ನ ಮ್ಯಾಲಿನ ಸಿಟ್ಟು ನಿನಗ ಎಷ್ಟ ದಿನ ಇರತೈತಿ? ಊಟದ ತನಕ. ಅವರ ಮ್ಯಾಲ ಬಂದ್ರ ನೀ ಹೊಳ್ಳಿ ನೋಡೂದಿಲ್ಲ ಅಂತ ನನಗ ಗೊತ್ತಿಲ್ಲೇನು? ಈಗ ಏನ ಮಾಡಿ ಬಂದಿ ಹೇಳು. ಬರಬ್ಯಾಡ ಅಂದಿರಬೇಕು."

"ಅದಕ್ಕ ನೀ ಇಷ್ಟು ದಿನ ಗ್ವಾಡಿಗುಂಟ ನಡದಿ?"

"ತಪ್ಪ ಒಪ್ಗೊಂಡ ಮ್ಯಾಲ ಹಂಗ ನಡೀಬೇಕಲ್ಲ. ನಕ್ಕೋತ ಮೀನ ಮುಂದ ಕುಂತಿದ್ರ ನೀ ನಂಬತಿದ್ದೇನು? ನೀ ಪೇಪರ್ನಾಕಿ."

ಆ ಸಂಜೆ ನಾನು ಲೆಕ್ಕ ಹಾಕಿ ನೋಡಿದೆ. ಕಲ್ಲಿನಲ್ಲಿ ಇತ್ತೇ ಎಂದು ಕೇಳಿದಾಗ ಬಂದ ಮೊದಲ 'ಇಲ್ಲ' ಪೂರ್ತಿ ಕಾಕಾ ಅವರದು. ಅಂಗಡಿಯಲ್ಲಿ ಬಂದ ಎರಡನೆಯ 'ಇಲ್ಲ'ದಲ್ಲಿ ಅವ್ವನ ಆಣೆಯ ಪಾಲಿತ್ತು. ಅಷ್ಟರಮಟ್ಟಿಗೆ ಅವರ ಮೇಲಿನ ದೋಷ ಕಡಿಮೆಯಾಗಬೇಕು. ಆಗಲಿಲ್ಲ. ಬದಲಿಗೆ, ಇಬ್ಬರು ಸೇರಿ ನನಗೆ ಯಾವ ಸತ್ಯ ಒಗ್ಗುತ್ತದೆ ಎಂದು ನನ್ನದೇ ಅಡುಗೆಮನೆಯಲ್ಲಿ ತೀರ್ಮಾನಿಸಿದರು ಎಂಬುದು ಉಳಿಯಿತು. ಅವ್ವ ಹೇಳಿದ ಹಾಗೆ ಅವಳ ಮೇಲಿನ ಸಿಟ್ಟು ಊಟದವರೆಗೆ ಇತ್ತು, ಬಹುಶಃ ಮರುದಿನದ ಊಟದವರೆಗೆ. ಕಾಕಾ ಮೇಲಿನದರ ಬಗ್ಗೆಯೂ ಅವಳು ಹೇಳಿದ್ದೇ ಸರಿಯಾಯಿತು.

ಮರುದಿನ ಅವರ ಕಲ್ಲನ್ನು ತೆಗೆದು ತಾರಸಿಯ ಮೇಲೆ ಬಿಸಿಲಿಗಿಟ್ಟೆ. ಎರಡು ದಿನ ಸತ್ತ ಕಡಲಿನ ವಾಸನೆ ಓಣಿಯವರೆಗೆ ಬಂತು. ನೇರಳೆ ಬಣ್ಣ ಮಾಸಿ ಬೂದಿಯಾಯಿತು. ಉಳಿದ ಕಳೆಗಳನ್ನು ನಾನೇ ತೆಗೆದೆ. ಪಂಪು ನಿಲ್ಲಿಸಿ, ಪಕ್ಕದಿಂದ, ನಿಧಾನ, ತುತ್ತಿನಂತೆ. ಅವ್ವ ಪಡಸಾಲೆಗೆ ಮರಳಿ ಬಂದಳು, ಎಲ್ಲಿ ಅಡಗಿವೆ ಎಂದು 'ಅಗಾ ಅಲ್ಲೆ, ಅಗಾ ಇಲ್ಲೆ' ಎನ್ನುತ್ತಿದ್ದಳು. ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಈಗ ನಮ್ಮ ಟ್ಯಾಂಕಿನಲ್ಲಿ ಒಂದೂ ಇಲ್ಲ ಎಂದು ಬರೆಯಲಾರೆ. ಕಾಣುವುದಿಲ್ಲ ಎಂದು ಬರೆಯಬಲ್ಲೆ.

ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಅವರ ಮಗ ಅವ್ವನಿಗೆ ಫೋನು ಮಾಡಿದ. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ ಎಂದ. ನಾನು ಹೋಗುವುದಿಲ್ಲ ಎಂದೆ. ಅವ್ವ ಸೀರೆ ಬದಲಿಸಿ ಬಂದು, "ನಾ ಹೋಗತೇನಿ, ಬಸ್ ಹತ್ತಸು" ಎಂದಳು. ಅವಳ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲ. ಜೊತೆಗೆ ಹೋದೆ. ಅವರ ಓಣಿಯ ಬಾಯಿಯಲ್ಲಿ ಅವಳನ್ನು ಬಿಟ್ಟು, ಎದುರಿನ ಚಹಾದಂಗಡಿಯ ತಗಡಿನ ಕೆಳಗೆ ನಿಂತೆ. ಮಳೆ ಹನಿಯುತ್ತಿತ್ತು.

ಗಡಹಿಂಗ್ಲಜದ ದಂತವೈದ್ಯರೂ ಬಂದಿದ್ದರು. ನನ್ನನ್ನು ಕಂಡು ತಗಡಿನ ಕೆಳಗೆ ಬಂದು ಕೊಡೆ ಮುಚ್ಚಿದರು.

"ನಿಮ್ಮ ಕಳೆ ಹೋತೇನ್ರಿ, ಮ್ಯಾಡಮ್?"

"ಹೋಗೇತಿ."

"ಹೆಂಗ ಮಾಡಿದ್ರಿ? ನಂದು ಸುದ್ದಾ ಆಗವಲ್ದು."

ಹೇಳಿದೆ. ಸುಣ್ಣದ ಹದ, ಸೂಜಿ ಬರುವ ದಿಕ್ಕು, ಒಂದು ವಾರಕ್ಕೆ ಎಷ್ಟು ಸಾಕು. ಅವರು ಫೋನಿನಲ್ಲಿ ಬರೆದುಕೊಂಡರು. ಎಲ್ಲ ಮುಗಿದ ಮೇಲೆ, ಇದನ್ನೆಲ್ಲ ಎಲ್ಲಿ ಓದಿದಿರಿ ಎಂದು ಕೇಳಿದರು. ಮೂಲವನ್ನು ಹೇಳದೆ ಬಿಡಬಹುದಿತ್ತು, ಬಿಡಲು ಮನಸ್ಸೂ ಇತ್ತು.

"ಓದಿದ್ದಲ್ಲ. ಅವರ ಕಲಿಸಿದ್ದು" ಎಂದೆ.

"ಒಳಗ ಬರ್ರಿ ಹಂಗಾರ. ಒಂದ ಸಲ ಮುಖ ನೋಡಿ ಹೋಗ್ರಿ."

"ಇಲ್ರಿ, ಡಾಕ್ಟರ್ರ."

ಅವರು ಒತ್ತಾಯಿಸಲಿಲ್ಲ. ಕೊಡೆ ಬಿಚ್ಚಿಕೊಂಡು ಓಣಿಯೊಳಗೆ ಹೋದರು. ಶವ ಎತ್ತುವ ಮೊದಲು ಹೆಂಗಸರ ಅಳು ಕೇಳಿಸಿತು, ಆಮೇಲೆ ಜನ ಹೊರಬಂದರು. ನಾನು ಅಂಗಡಿಯ ಒಳಗಿನ ಬೆಂಚಿಗೆ ಸರಿದೆ. ಮೆರವಣಿಗೆ ಹೋದ ಎಷ್ಟೋ ಹೊತ್ತಿನ ಮೇಲೆ ಅವ್ವ ಸೆರಗು ತಲೆಗೆ ಹೊದ್ದು ನಿಧಾನ ಬಂದಳು. ಅವಳ ತೋಳು ಹಿಡಿದು ಬಸ್ ನಿಲ್ದಾಣದ ಕಡೆ ನಡೆಸಿದೆ.

"ಅಣ್ಣಾರ ಮಗಾ ಕೇಳಿದ" ಎಂದಳು ಅವ್ವ. "ಅಕ್ಕ ಯಾಕ ಬರಲಿಲ್ಲ, ಬಾಬಾ ಭಾಳ ನೆನಸ್ತಿದ್ರು ಅಂತ."

"ನೀ ಏನಂದಿ?"

"ಊರಾಗಿಲ್ಲ, ಪೇಪರಿನ ಕೆಲಸಕ್ಕ ಮುಂಬೈಗೆ ಹೋಗ್ಯಾಳ, ಸುದ್ದಿ ಕೇಳಿ ಫೋನಿನ್ಯಾಗ ಭಾಳ ಅತ್ತಳು ಅಂದೆ."

ಬಸ್ಸು ಬಂತು. ಅವಳನ್ನು ಹಿಂದಿನಿಂದ ಎತ್ತಿ ಮೆಟ್ಟಿಲು ಹತ್ತಿಸಿದೆ. ಅವ್ವ ಹೇಳಿದ್ದನ್ನು ನಾನು ತಿದ್ದಲಿಲ್ಲ. ಆ ಮನೆಯವರು ಇವತ್ತಿಗೂ ಅದನ್ನೇ ನಂಬಿದ್ದಾರೆ.